ಒಂದು ಚಿತ್ರ, ಒಂದೇ ಮಾತು

ಓದುಗರ ಪ್ರಶ್ನೆ, ನಮ್ಮ ಉತ್ತರ. ಈ ಸಲದ ವಿಷಯ: ಸ್ಟಾಕ್ ಫೋಟೊ

ಫೋಟೊ ತೆಗೆದು ಮಾರುವವರು, ಪೋಸ್ಟರ್‌ಗೋ ಆಮಂತ್ರಣಕ್ಕೋ ಫೋಟೊ ಹುಡುಕುವವರು, ಪತ್ರಿಕೆಗಳಲ್ಲಿ ಬರುವ ಫೋಟೊ ನೋಡಿ ಬೇಸರಪಟ್ಟುಕೊಂಡವರು, ಎಲ್ಲರೂ ಈ ಸಲ ಬರೆದಿದ್ದೀರಿ. ಹೊಸಬರಿಗಾಗಿ ಒಂದು ಮಾತು. ಸ್ಟಾಕ್ ಫೋಟೊ ಅಂದರೆ ಇಂಥದ್ದೇ ಸುದ್ದಿಗೆ, ಇಂಥದ್ದೇ ಸಮಾರಂಭಕ್ಕೆ ಅಂತ ತೆಗೆದದ್ದಲ್ಲ. ಮುಂದೆ ಯಾರಿಗಾದರೂ ಬೇಕಾದೀತು ಅಂತ ಮೊದಲೇ ತೆಗೆದು ಶಟರ್‌ಸ್ಟಾಕ್, ಅಡೋಬಿ ಸ್ಟಾಕ್, ಗೆಟ್ಟಿ ಇಮೇಜಸ್ ತರಹದ ಕಡೆ ಇಟ್ಟಿರುತ್ತಾರೆ. ಒಂದೇ ಫೋಟೊವನ್ನು ಎಷ್ಟೋ ಜನ ದುಡ್ಡು ಕೊಟ್ಟು ಬಳಸುತ್ತಾರೆ. ಅದರ ಜೊತೆ ಯಾವ ಮಾತು ಬರುತ್ತದೆ ಅನ್ನುವುದು ತೆಗೆದವರಿಗೆ ಗೊತ್ತಿರುವುದಿಲ್ಲ. ಕೆಳಗಿನ ಬಹಳಷ್ಟು ಪ್ರಶ್ನೆಗಳ ಬೇರು ಇರುವುದು ಅಲ್ಲೇ.

ಪ್ರಶ್ನೆ: ಅಡಿಕೆ ಕೊಯ್ಲಿನ ಹೊತ್ತಿನಲ್ಲಿ ನಮ್ಮನೆ ಅಂಗಳದ ಫೋಟೊ ತೆಗೆದು ಒಂದು ಸ್ಟಾಕ್ ಸೈಟಿಗೆ ಹಾಕಿದ್ದೆ. ಸುಲಿಯುವವರು, ಬೇಯಿಸುವ ಹಂಡೆ, ಒಣಗಲು ಹರವಿದ ಅಡಿಕೆ, ಹಿಂದೆ ತೋಟ, ಎಲ್ಲ ಬಂದಿದೆ. ನೋಡಿದವರೆಲ್ಲ ಹೊಗಳಿದರು, ಕೊಂಡವರು ಮಾತ್ರ ಯಾರೂ ಇಲ್ಲ. ಅಡಿಕೆ ಅಂತ ಹುಡುಕಿದರೆ ಬಿಳಿ ಹಿನ್ನೆಲೆಯ ಮೇಲೆ ನಾಲ್ಕು ಅಡಿಕೆ ಇಟ್ಟ ಫೋಟೊ ಮೊದಲು ಬರುತ್ತದೆ. ಅದರಲ್ಲಿ ಏನಿದೆ ಅಂತ? (ಸಾಗರದ ಓದುಗರು)

ಉತ್ತರ: ನಿಮ್ಮ ಫೋಟೊ ಪತ್ರದ ಜೊತೆಗೇ ಬಂದಿತ್ತು. ದೊಡ್ಡದಾಗಿ ತೆರೆದು ನೋಡಿದೆ, ನಿಜಕ್ಕೂ ಚೆನ್ನಾಗಿದೆ. ಬೆಳಕು ಚೆನ್ನಾಗಿದೆ, ಜನ ಕ್ಯಾಮೆರಾಗಾಗಿ ನಿಂತಿಲ್ಲ, ಕೆಲಸ ನಡೆಯುತ್ತಿದೆ. ಆಮೇಲೆ ಅದನ್ನೇ ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದು ಮಾಡಿ ನೋಡಿದೆ. ಆಗ ಕಂಡಿದ್ದು ಹಳದಿ ಹಸಿರು ಕಲಸಿದ ಹಾಗಿನ ಒಂದು ಚೌಕ, ಅದರ ಮೂಲೆಯಲ್ಲಿ ನೀಲಿ ಟಾರ್ಪಾಲು. ಕಣ್ಣು ನೇರ ಹೋಗಿ ನಿಂತಿದ್ದು ಟಾರ್ಪಾಲಿನ ಮೇಲೆ. ಕೊಳ್ಳುವವರು ನಿಮ್ಮ ಫೋಟೊವನ್ನು ಮೊದಲು ನೋಡುವುದು ಈ ಅಳತೆಯಲ್ಲೇ, ಅದೂ ಹತ್ತಾರು ಬೇರೆ ಫೋಟೊಗಳ ನಡುವೆ. ಒಂದು ಕ್ಷಣದಲ್ಲಿ ಏನು ಅಂತ ಗೊತ್ತಾಗದಿದ್ದರೆ ಮುಂದಕ್ಕೆ ಹೋಗಿಬಿಡುತ್ತಾರೆ.

ಇನ್ನೊಂದು ಮಾತು. ಕೊಳ್ಳುವವರ ಕೈಯಲ್ಲಿ ಒಂದು ವಿಷಯ ಇರುತ್ತದೆ. ಒಬ್ಬರಿಗೆ ಅಡಿಕೆ ಧಾರಣೆ ಇಳಿದಿದ್ದರ ಬಗ್ಗೆ ಲೇಖನ, ಒಬ್ಬರಿಗೆ ಎಲೆಚುಕ್ಕಿ ರೋಗದ ಬಗ್ಗೆ, ಇನ್ನೊಬ್ಬರಿಗೆ ಸುಲಿಯುವ ಹೆಂಗಸರ ಕೂಲಿಯ ಬಗ್ಗೆ. ನಿಮ್ಮ ಫೋಟೊದಲ್ಲಿ ಇವೆಲ್ಲದರ ಒಂದೊಂದು ಚೂರು ಇದೆ. ಹಾಗಾಗಿ ಯಾರಿಗೂ ಇದು ನನ್ನ ಲೇಖನದ ಫೋಟೊ ಅನ್ನಿಸುವುದಿಲ್ಲ. ಅಂಗಳದ ಇಡೀ ಕಥೆಯನ್ನು ಒಂದೇ ಫೋಟೊದಲ್ಲಿ ಹೇಳಬೇಕು ಅಂತ ಅನ್ನಿಸುವುದು ಸಹಜ, ಅದು ನಿಮ್ಮ ಮನೆ, ನಿಮಗೆ ಎಲ್ಲವೂ ಮುಖ್ಯ. ಆದರೆ ಆ ಒಂದು ಫೋಟೊದಲ್ಲಿ ನಾಲ್ಕೈದು ಬೇರೆ ಬೇರೆ ಫೋಟೊಗಳಿವೆ, ಅವನ್ನು ಬಿಡಿಸಿ ತೆಗೆಯಿರಿ.

ಉದಾಹರಣೆಗೆ ಎಡಗಡೆ ಕೂತ ಆ ಹೆಂಗಸನ್ನೇ ತೆಗೆದುಕೊಳ್ಳಿ. ನೀವು ನಿಂತುಕೊಂಡು ಮೇಲಿನಿಂದ ತೆಗೆದಿದ್ದೀರಿ, ಹಾಗಾಗಿ ಅವರ ತಲೆ, ಹೆಗಲು ಕಾಣುತ್ತದೆ, ಕೆಲಸ ಕಾಣುವುದಿಲ್ಲ. ನೆಲದ ಮೇಲೆ ಕೂತು ಮೆಟ್ಟುಗತ್ತಿಯ ಎತ್ತರಕ್ಕೆ ಕ್ಯಾಮೆರಾ ತನ್ನಿ. ಫ್ರೇಮಿನಲ್ಲಿ ಎರಡು ಕೈ, ಕತ್ತಿಯ ಅಲಗು, ಅರ್ಧ ಸಿಪ್ಪೆ ಬಿಟ್ಟ ಒಂದು ಹಸಿ ಅಡಿಕೆ, ಇಷ್ಟೇ ಇರಲಿ. ಚೊಗರು ಹತ್ತಿ ಕಪ್ಪಾದ ಬೆರಳ ತುದಿಗಳು ತಾವಾಗೇ ಮಾತಾಡುತ್ತವೆ. ಹಿಂದೆ ಜಗಲಿಯ ನೆರಳು ಬರುವ ಹಾಗೆ ಒಂದೆರಡು ಹೆಜ್ಜೆ ಸರಿದರೆ ಹಿನ್ನೆಲೆ ಕಪ್ಪಾಗಿ, ಖಾಲಿಯಾಗಿ ಸಿಗುತ್ತದೆ. ಅಂಗಳದ ಸಾಮಾನು ಎತ್ತಿಡಿಸಬೇಕಾಗಿಲ್ಲ, ಕೆಲಸ ಮಾಡುವವರಿಗೆ ತೊಂದರೆ ಕೊಡಬೇಕಾಗಿಲ್ಲ. ನೀವು ಸರಿದರೆ ಆಯಿತು. ಹಂಡೆಯಿಂದ ಎದ್ದ ಹಬೆ ಇನ್ನೊಂದು ಫೋಟೊ. ಹರವಿದ ಅಡಿಕೆಯ ಮೇಲೆ ಕೈಯಾಡಿಸುವುದು ಮತ್ತೊಂದು.

ಬಿಳಿ ಹಿನ್ನೆಲೆಯ ನಾಲ್ಕು ಅಡಿಕೆ ಯಾಕೆ ಮುಂದೆ ಬರುತ್ತದೆ ಅಂತ ಕೇಳಿದ್ದೀರಿ. ಅದನ್ನು ಕತ್ತರಿಸಿ ಎಲ್ಲಿ ಬೇಕಾದರೂ ಅಂಟಿಸಬಹುದು, ಅದಕ್ಕೆ. ಹಾಗಂತ ನೀವೂ ಅದನ್ನೇ ತೆಗೆಯಲು ಹೋಗಬೇಡಿ. ಅಂಗಡಿಯಿಂದ ಕಾಲು ಕೆಜಿ ಅಡಿಕೆ ತಂದು ಯಾವ ಊರಿನವರು ಬೇಕಾದರೂ ಅದನ್ನು ತೆಗೆಯಬಹುದು. ಮೆಟ್ಟುಗತ್ತಿಯ ಮೇಲಿನ ಆ ಕೈಗಳು ನಿಮ್ಮ ಕಡೆ ಮಾತ್ರ ಸಿಗುತ್ತವೆ, ಅಲ್ವಾ?

ಪ್ರಶ್ನೆ: ನಾನು ಡಿಟಿಪಿ ಕೆಲಸ ಮಾಡುತ್ತೇನೆ. ಸ್ಟಾಕ್ ಸೈಟಿನಲ್ಲಿ ಕಾಪಿ ಸ್ಪೇಸ್ ಅಂತ ಹಾಕಿದ ಫೋಟೊಗಳನ್ನೇ ಆರಿಸಿಕೊಳ್ಳುತ್ತೇನೆ. ಇಂಗ್ಲಿಷ್ ಹೆಡ್ಡಿಂಗು ಸರಿಯಾಗಿ ಕೂರುತ್ತದೆ. ಅದನ್ನೇ ಕನ್ನಡದಲ್ಲಿ ಹಾಕಿದರೆ ಇಕ್ಕಟ್ಟಾಗುತ್ತದೆ. ಅಕ್ಷರ ಸಣ್ಣದು ಮಾಡಿದರೆ ಓದಲು ಆಗುವುದಿಲ್ಲ. (ದಾವಣಗೆರೆಯ ಓದುಗರು)

ಉತ್ತರ: ತುಂಬ ಒಳ್ಳೆ ಪ್ರಶ್ನೆ. ಕನ್ನಡದಲ್ಲಿ ವಿನ್ಯಾಸ ಮಾಡುವವರೆಲ್ಲ ದಿನಾ ಅನುಭವಿಸುವ ಕಷ್ಟ ಇದು. ಕಾಪಿ ಸ್ಪೇಸ್ ಅಂದರೆ ಅಕ್ಷರ ಬರೆಯಲಿಕ್ಕಾಗಿ ಫೋಟೊದಲ್ಲಿ ಬೇಕೆಂದೇ ಖಾಲಿ ಬಿಟ್ಟ ಜಾಗ. ಆದರೆ ಬಹಳಷ್ಟು ಫೋಟೊಗಳಲ್ಲಿ ಆ ಜಾಗದ ಲೆಕ್ಕ ಇಂಗ್ಲಿಷಿನದ್ದು. ಕ್ಯಾಪಿಟಲ್ ಅಕ್ಷರದಲ್ಲಿ ಬರೆದ ಇಂಗ್ಲಿಷ್ ಸಾಲು ಮೇಲೆ ಕೆಳಗೆ ಎರಡೂ ಕಡೆ ಸಪಾಟಾದ ಪಟ್ಟಿ. ನಮ್ಮದು ಹಾಗಲ್ಲ. 'ಸ್ತ್ರೀಶಕ್ತಿ ಸಂಘಗಳ ರಾಷ್ಟ್ರೀಯ ಮೇಳ' ಅಂತ ಬರೆದು ನೋಡಿ. ಸ್ತ್ರೀ, ಷ್ಟ್ರೀ ಎರಡರಲ್ಲೂ ಒಂದರ ಜೊತೆ ಇನ್ನೊಂದು ಒತ್ತು ಕೆಳಗಿಳಿಯುತ್ತದೆ. ಮೇಲೆ ಗುಡಿಸು ಏಳುತ್ತದೆ. ಎರಡು ಸಾಲಿನಲ್ಲಿ ಬರೆದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ತಾಗಬಾರದು ಅಂತ ಸಾಲುಗಳ ನಡುವೆ ಜಾಸ್ತಿ ಬಿಟ್ಟರೆ ಹೆಡ್ಡಿಂಗು ಫೋಟೊದಲ್ಲಿರುವವರ ಹಣೆಯ ಮೇಲೆ ಬಂದು ಕೂರುತ್ತದೆ.

ಹಾಗಾಗಿ ಫೋಟೊ ಆರಿಸುವಾಗಲೇ ಬೇರೆ ಲೆಕ್ಕ ಹಾಕಿ. ಇಂಗ್ಲಿಷಿಗೆ ಮೂರನೇ ಒಂದು ಭಾಗ ಖಾಲಿ ಇದ್ದರೆ ಸಾಕು ಅನ್ನಿಸುವ ಕಡೆ ಕನ್ನಡಕ್ಕೆ ಅರ್ಧದಷ್ಟು ಖಾಲಿ ಇರುವ ಫೋಟೊ ಹುಡುಕಿ. ಅಗಲಕ್ಕಿಂತ ಎತ್ತರದಲ್ಲಿ ಜಾಗ ಇರುವುದು ಮುಖ್ಯ. ಖಾಲಿ ಅಂದರೆ ನಿಜವಾಗಿ ಖಾಲಿ ಇರಬೇಕು. ಮರದ ಎಲೆ, ಜಲ್ಲಿಕಲ್ಲು, ನೆರಿಗೆ ಬಿದ್ದ ಬಟ್ಟೆ ಇವುಗಳ ಮೇಲೆ ಕನ್ನಡ ಬರೆದರೆ ಮೊದಲು ಕಳೆದುಹೋಗುವುದೇ ಒತ್ತಕ್ಷರ. ಆಕಾಶ, ಸುಣ್ಣದ ಗೋಡೆ, ಮಸುಕಾದ ಹೊಲ ಇಂಥವು ಒಳ್ಳೆಯದು. ಅಕ್ಷರ ಎದ್ದು ಕಾಣಲಿ ಅಂತ ಸುತ್ತ ದಪ್ಪ ಗೆರೆ, ನೆರಳು ಹಾಕುವ ಅಭ್ಯಾಸ ನಮ್ಮಲ್ಲಿದೆ. ಅದರಿಂದ ಒತ್ತುಗಳ ಒಳಗಿನ ಸಂದು ಮುಚ್ಚಿಹೋಗುತ್ತದೆ, ದೂರದಿಂದ ನೋಡಿದರೆ ಬರೀ ಮುದ್ದೆ. ಹಿನ್ನೆಲೆ ಸರಿ ಇದ್ದರೆ ನೆರಳು ಬೇಕಾಗುವುದೇ ಇಲ್ಲ.

ಫೋಟೊದಲ್ಲಿ ಇರುವವರು ಬಲಕ್ಕೆ ನೋಡುತ್ತಿದ್ದರೆ ಅಕ್ಷರ ಬಲಗಡೆ ಇರಲಿ. ನಾವು ಅವರ ಕಣ್ಣನ್ನು ಹಿಂಬಾಲಿಸುತ್ತೇವೆ, ಅಲ್ಲಿ ಅಕ್ಷರ ಸಿಗುತ್ತದೆ. ಅವರ ಬೆನ್ನ ಹಿಂದೆ ಬರೆದರೆ ಅವರೇ ಆ ಮಾತಿಗೆ ಬೆನ್ನು ತಿರುಗಿಸಿದ ಹಾಗೆ ಕಾಣುತ್ತದೆ. ಫೋಟೊ ತೆಗೆಯುವ ಓದುಗರಿಗೂ ಇಲ್ಲೇ ಹೇಳಿಬಿಡುತ್ತೇನೆ. ಒಂದೇ ದೃಶ್ಯವನ್ನು ಅಡ್ಡಕ್ಕೂ ಉದ್ದಕ್ಕೂ ತೆಗೆಯಿರಿ, ಒಂದರಲ್ಲಿ ತಲೆಯ ಮೇಲೆ ಜಾಗ ಬಿಡಿ. ಕನ್ನಡದಲ್ಲಿ ಕೆಲಸ ಮಾಡುವವರು ನಿಮಗೆ ಋಣಿಯಾಗಿರುತ್ತಾರೆ.

ಪ್ರಶ್ನೆ: ಸರಳ ಸರಳ ಅಂತ ಎಲ್ಲರೂ ಹೇಳುತ್ತಾರೆ. ಸರಳ ಅಂದರೆ ಬೋರು ಅಲ್ವಾ? ಒಂದು ಖಾಲಿ ಗೋಡೆ, ಮುಂದೆ ಒಂದು ಚಹಾ ಕಪ್ಪು. ಯಾರಿಗೆ ಬೇಕು? (ಮೈಸೂರಿನ ಚಿತ್ರಕಲಾ ವಿದ್ಯಾರ್ಥಿ)

ಉತ್ತರ: ಖಾಲಿ ಗೋಡೆಯ ಮುಂದಿನ ಕಪ್ಪು ನನಗೂ ಬೇಡ. ಆದರೆ ನೀವು ಚಿಕ್ಕಂದಿನಿಂದ ನೋಡಿರಬಹುದಾದ ಒಂದು ಫೋಟೊ ನೆನಪಿಸುತ್ತೇನೆ. ವಿಂಡೋಸ್ ಎಕ್ಸ್‌ಪಿ ಇದ್ದ ಕಂಪ್ಯೂಟರ್ ಆನ್ ಮಾಡಿದರೆ ಬರುತ್ತಿದ್ದ ಹಸಿರು ಗುಡ್ಡ, ನೀಲಿ ಆಕಾಶ. ಶಾಲೆಯ ಲ್ಯಾಬು, ಬ್ಯಾಂಕು, ಸೈಬರ್ ಕೆಫೆ, ಎಲ್ಲ ಕಡೆ ಇತ್ತು. ಅದನ್ನು ಕಂಪ್ಯೂಟರಿನಲ್ಲೇ ಮಾಡಿದ್ದು ಅಂತ ತುಂಬ ಜನ ತಿಳಿದಿದ್ದರು. ಅಲ್ಲ, ಅದು ಫಿಲಂ ಕ್ಯಾಮೆರಾದಲ್ಲಿ ತೆಗೆದ ಫೋಟೊ, ಅದೂ ಸ್ಟಾಕ್ ಫೋಟೊ. ನ್ಯಾಷನಲ್ ಜಿಯೊಗ್ರಾಫಿಕ್‌ಗೆ ಕೆಲಸ ಮಾಡಿದ್ದ ಚಾರ್ಲ್ಸ್ ಓರಿಯರ್ ಎಂಬ ಛಾಯಾಗ್ರಾಹಕ 1996ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಸೊನೊಮಾ ಕೌಂಟಿಯಲ್ಲಿ ಕಾರಿನಲ್ಲಿ ಹೋಗುವಾಗ ರಸ್ತೆ ಬದಿ ನಿಲ್ಲಿಸಿ ತೆಗೆದದ್ದು. ಅದು ಸ್ಟಾಕ್ ಏಜೆನ್ಸಿಗೆ ಹೋಯಿತು, ಅಲ್ಲಿಂದ ಕಾರ್ಬಿಸ್ ಎಂಬ ಸಂಸ್ಥೆಗೆ. 2000ದಲ್ಲಿ ಮೈಕ್ರೊಸಾಫ್ಟ್ ಅದನ್ನು ಕೊಂಡುಕೊಂಡಿತು.

ನನಗೆ ಇದರಲ್ಲಿ ತುಂಬ ಇಷ್ಟವಾಗುವುದು ಆ ಗುಡ್ಡ ಯಾಕೆ ಖಾಲಿ ಇತ್ತು ಅನ್ನುವುದು. ಆ ಕಡೆಯೆಲ್ಲ ದ್ರಾಕ್ಷಿ ಬೆಳೆಯುವ ಜಾಗ. ಫಿಲಾಕ್ಸೆರಾ ಎಂಬ ಬೇರು ತಿನ್ನುವ ಕೀಟ ಬಿದ್ದು ಆ ಗುಡ್ಡದ ಬಳ್ಳಿಗಳನ್ನು ಕಿತ್ತುಹಾಕಿದ್ದರು. ಚಳಿಗಾಲದ ಮಳೆ ಬಂದು ಹುಲ್ಲು ಎದ್ದಿತ್ತು. ಬಳ್ಳಿ, ಕಂಬ, ತಂತಿ ಏನೂ ಇಲ್ಲದ ಆ ಹೊತ್ತಿಗೆ ಸರಿಯಾಗಿ ಓರಿಯರ್ ಆ ದಾರಿಯಲ್ಲಿ ಬಂದರು. ಆಮೇಲೆ ಅಲ್ಲಿ ಮತ್ತೆ ದ್ರಾಕ್ಷಿ ನೆಟ್ಟರು. ಅದೇ ಜಾಗಕ್ಕೆ ಹೋಗಿ ತೆಗೆದ ಈಚಿನ ಫೋಟೊಗಳಲ್ಲಿ ಗುಡ್ಡದ ತುಂಬ ಸಾಲು ಸಾಲು ಬಳ್ಳಿ. ಅದೇ ಗುಡ್ಡ, ಆದರೆ ಆ ಫೋಟೊ ಅಲ್ಲವೇ ಅಲ್ಲ.

ಅಂದರೆ ಸರಳ ಅನ್ನುವುದು ಏನೂ ಇಲ್ಲದಿರುವುದಲ್ಲ. ಅಲ್ಲಿ ಗುಡ್ಡದ ಬಾಗು ಇದೆ, ಮೋಡದ ನೆರಳು ಹುಲ್ಲಿನ ಮೇಲೆ ಬಿದ್ದಿದೆ, ಬಿಸಿಲು ಇದೆ. ನೋಡಲು ಬೇಕಾದಷ್ಟಿದೆ, ಆದರೆ ಯಾವುದೂ ಇನ್ನೊಂದರ ಜೊತೆ ಜಗಳ ಆಡುವುದಿಲ್ಲ. ಮೇಲೆ ಚಿಕ್ಕ ಚಿಕ್ಕ ಐಕಾನುಗಳನ್ನಿಟ್ಟರೆ ಎಲ್ಲವೂ ಸ್ಪಷ್ಟ ಓದಬಹುದು. ಕಂಪ್ಯೂಟರ್ ಪರದೆಗೆ ಅದಕ್ಕಿಂತ ಏನು ಬೇಕು? ನಿಮ್ಮ ಕಪ್ಪಿನ ಫೋಟೊ ಬೋರಾಗಿದ್ದರೆ ಅದಕ್ಕೆ ಕಾರಣ ಖಾಲಿ ಗೋಡೆಯಲ್ಲ. ಆ ಕಪ್ಪಿಗೆ ಏನೂ ಆಗಿಲ್ಲ, ಅದಕ್ಕೆ ಬೋರು. ಅರ್ಧ ಕುಡಿದು ಬಿಟ್ಟ ಚಹಾದ ಮೇಲೆ ಕೆನೆ ಕಟ್ಟಿದ್ದರೆ ಯಾರೋ ಎದ್ದು ಹೋಗಿದ್ದಾರೆ ಅಂತ ಗೊತ್ತಾಗುತ್ತದೆ. ಗೋಡೆ ಅದೇ ಇರಲಿ.

ಪ್ರಶ್ನೆ: ಪಕ್ಕದ ಮನೆ ಅಜ್ಜಿ ಹೂ ಕಟ್ಟುವ ಫೋಟೊ ತೆಗೆದಿದ್ದೇನೆ. ಮಾರಬಹುದಾ? (ಶಿರಾದ ಓದುಗರು)

ಉತ್ತರ: ಜಾಹೀರಾತಿಗೂ ಬಳಸಬಹುದಾದ ಫೋಟೊ ಆಗಿ ಮಾರಬೇಕಾದರೆ ಅಜ್ಜಿಯ ಸಹಿ ಇರುವ ಒಪ್ಪಿಗೆ ಪತ್ರ ಬೇಕು. ಮಾಡೆಲ್ ರಿಲೀಸ್ ಅನ್ನುತ್ತಾರೆ, ಫಾರಂ ಆಯಾ ಸೈಟಿನಲ್ಲೇ ಸಿಗುತ್ತದೆ. ಮಕ್ಕಳಾದರೆ ತಂದೆ ತಾಯಿ ಸಹಿ ಹಾಕಬೇಕು. ಸಹಿ ಹಾಕಿಸಿಕೊಳ್ಳುವ ಮೊದಲು ಅಜ್ಜಿಗೆ ಕೂರಿಸಿ ಹೇಳಿ: ಈ ಫೋಟೊ ಯಾವುದೋ ಊರಿನ ಯಾವುದೋ ಜಾಹೀರಾತಿನಲ್ಲಿ ಬರಬಹುದು, ನಮಗೆ ಗೊತ್ತೂ ಆಗದಿರಬಹುದು ಅಂತ. ಒಪ್ಪದಿದ್ದರೆ ಬಿಟ್ಟುಬಿಡಿ, ಬರೀ ಕೈ ಮತ್ತು ಹೂವಿನ ಫೋಟೊ ತೆಗೆಯಲು ಅವರನ್ನು ಕೇಳಿ ನೋಡಿ. ಹಿಂದೆ ಹಾಲಿನ ಪ್ಯಾಕೆಟ್ಟಿನ ಹೆಸರೋ ಬೈಕಿನ ಲಾಂಛನವೋ ಕಾಣುತ್ತಿದ್ದರೆ ಅದೂ ತೊಂದರೆ, ಫೋಟೊ ವಾಪಸ್ ಬರುತ್ತದೆ. ಅದನ್ನು ತೆಗೆದರೆ ಫೋಟೊವೂ ಚೊಕ್ಕ ಆಗುತ್ತದೆ.

ಪ್ರಶ್ನೆ: ಹಾವು ಕಚ್ಚಿದರೆ ಏನು ಮಾಡಬೇಕು ಅಂತ ನಮ್ಮ ಹಳ್ಳಿಗೆ ಒಂದು ಪೋಸ್ಟರ್ ಮಾಡಿದ್ದೇವೆ. ಹೆಡೆ ಎತ್ತಿದ ನಾಗರಹಾವಿನ ದೊಡ್ಡ ಫೋಟೊ, ಕೆಳಗೆ ಹಗ್ಗ ಕಟ್ಟುವುದು, ಬ್ಲೇಡಿನಿಂದ ಕೊಯ್ಯುವುದು ಇವುಗಳ ಮೇಲೆ ಕೆಂಪು ಅಡ್ಡಗೆರೆ. ಜನ ನಿಂತು ನೋಡುತ್ತಾರೆ, ಆದರೆ ಕೇಳಿದರೆ ಏನೂ ಹೇಳುವುದಿಲ್ಲ. (ಹುಣಸೂರು ತಾಲೂಕಿನ ಆಶಾ ಕಾರ್ಯಕರ್ತೆ)

ಉತ್ತರ: ಅಮ್ಮಾ, ಈ ಕಂತಿನ ಪ್ರಶ್ನೆಗಳಲ್ಲಿ ನನಗೆ ಅತಿ ಮುಖ್ಯ ಅನ್ನಿಸಿದ್ದು ನಿಮ್ಮದು. ನಮ್ಮ ರಾಜ್ಯದಲ್ಲಿ 2024ರಿಂದ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಬೇಕು. ಅಷ್ಟು ದೊಡ್ಡ ವಿಷಯ ಇದು. ಪೋಸ್ಟರಿನಲ್ಲಿ ಒಂದು ಚಿತ್ರ ತಪ್ಪಿದರೆ ಒಂದು ಜೀವದ ಮಾತು.

ಮೊದಲು ಆ ಹಾವಿನ ಫೋಟೊ ತೆಗೆದುಹಾಕಿ. ಸ್ಟಾಕ್ ಸೈಟಿನಲ್ಲಿ ಹಾವು ಅಂತ ಹುಡುಕಿದರೆ ಕಣ್ಣಿಗೆ ರಾಚುವಂಥ ಫೋಟೊಗಳು ಸಿಗುತ್ತವೆ, ಎಷ್ಟೋ ನಮ್ಮ ದೇಶದ ಹಾವುಗಳೇ ಅಲ್ಲ. ನಾಗರಹಾವೇ ಹಾಕಿದರೂ ಇನ್ನೊಂದು ತೊಂದರೆ ಇದೆ. ನಮ್ಮಲ್ಲಿ ಜಾಸ್ತಿ ಜೀವ ತೆಗೆಯುವವು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕು. ಪೋಸ್ಟರಿನಲ್ಲಿ ನಾಗರ ಒಂದೇ ಇದ್ದರೆ, ಕೊಳಕುಮಂಡಲ ಕಚ್ಚಿದವರು ನನಗೆ ಕಚ್ಚಿದ್ದು ಅದಲ್ಲವಲ್ಲ ಅಂದುಕೊಳ್ಳಬಹುದು. ನಮ್ಮ ದೇಶದಲ್ಲಿ ಕೊಡುವ ವಿಷನಿರೋಧಕ ಚುಚ್ಚುಮದ್ದು ಈ ನಾಲ್ಕಕ್ಕೂ ಸೇರಿ ಒಂದೇ. ಹಾಗಾಗಿ ಹಾವು ಯಾವುದು ಅಂತ ಗುರುತಿಸುವ, ಹಿಡಿಯುವ, ಹೊಡೆದು ಆಸ್ಪತ್ರೆಗೆ ಒಯ್ಯುವ ಅಗತ್ಯವೇ ಇಲ್ಲ. ಜನರಿಗೆ ಹೇಳಬೇಕಾದ ಮಾತು ಒಂದೇ: ಅಲುಗಾಡಿಸಬೇಡಿ, ತಡಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಚಿತ್ರದಲ್ಲೂ ಅದೇ ಕಾಣಬೇಕು. ಕಾಲಿಗೆ ಕೋಲಿಟ್ಟು ಬಟ್ಟೆಯಿಂದ ಸಡಿಲವಾಗಿ ಕಟ್ಟಿ ಮಲಗಿಸಿದ ಒಬ್ಬರು, ಅವರನ್ನು ಎತ್ತಿ ವಾಹನಕ್ಕೆ ಹತ್ತಿಸುತ್ತಿರುವ ಇಬ್ಬರು. ಮೇಲೆ 108, ದೊಡ್ಡ ಅಕ್ಷರದಲ್ಲಿ. ಬೇರೇನೂ ಬೇಡ.

ಕೆಂಪು ಅಡ್ಡಗೆರೆಯ ಚಿತ್ರಗಳೂ ಬೇಡ ಅಂತ ನನ್ನ ಅಭಿಪ್ರಾಯ. ಬಸ್ ಸ್ಟಾಪಿನಿಂದ ನೋಡುವವರಿಗೆ, ಓದು ಬಾರದವರಿಗೆ ಮೊದಲು ಕಾಣುವುದು ಬ್ಲೇಡು ಹಿಡಿದ ಕೈ. ಅಡ್ಡಗೆರೆ ಕಂಡರೂ ಅದು ಬೇಡ ಅನ್ನುವ ಗುರುತು ಅಂತ ಎಲ್ಲರಿಗೂ ಹೊಳೆಯುವುದಿಲ್ಲ. ಕಟ್ಟಬೇಡಿ, ಕೊಯ್ಯಬೇಡಿ ಅನ್ನುವುದನ್ನು ನೀವು ಸಭೆಯಲ್ಲಿ ಬಾಯಲ್ಲೇ ಹೇಳಿ, ನಿಮ್ಮ ಮಾತನ್ನು ಜನ ಕೇಳುತ್ತಾರೆ.

ಇಂಥ ಫೋಟೊ ಸ್ಟಾಕ್ ಸೈಟಿನಲ್ಲಿ ಸಿಗುವುದು ಕಷ್ಟ. ನಿಮ್ಮೂರಿನವರನ್ನೇ ನಿಲ್ಲಿಸಿ ತೆಗೆಯಿರಿ, ಇಲ್ಲವೇ ಬರೀ ಗೆರೆಯ ಚಿತ್ರ ಮಾಡಿಸಿ. ನಮ್ಮ ಚುನಾವಣಾ ಚಿಹ್ನೆಗಳನ್ನು ನೆನಪಿಸಿಕೊಳ್ಳಿ. ಫ್ಯಾನು, ಹೊಲಿಗೆ ಯಂತ್ರ, ಸೈಕಲ್ಲು, ಒಂದು ಚಿತ್ರದಲ್ಲಿ ಒಂದೇ ವಸ್ತು, ಬಣ್ಣ ಇಲ್ಲ, ಹಿನ್ನೆಲೆ ಇಲ್ಲ. ಚುನಾವಣಾ ಆಯೋಗದಲ್ಲಿ ಎಂ.ಎಸ್. ಸೇಥಿ ಎಂಬ ಕಲಾವಿದರು ಅವುಗಳಲ್ಲಿ ಎಷ್ಟನ್ನೋ ಪೆನ್ಸಿಲಿನಲ್ಲಿ ಬರೆದವರು. ಅಕ್ಷರ ಬಾರದ ಕೋಟ್ಯಂತರ ಜನ ಅಂಥ ಚಿತ್ರ ನೋಡಿ ಮತ ಹಾಕಿದ್ದಾರೆ.

ಅಚ್ಚಿಗೆ ಕೊಡುವ ಮೊದಲು ಚಿತ್ರವನ್ನು ಅಕ್ಷರ ಇಲ್ಲದೆ ನಾಲ್ಕು ಮನೆಗೆ ಒಯ್ಯಿರಿ. 'ಅರ್ಥ ಆಯ್ತಾ?' ಅಂತ ಕೇಳಬೇಡಿ, ಎಲ್ಲರೂ ಹೂಂ ಅಂದೇ ಅನ್ನುತ್ತಾರೆ. 'ಇದರಲ್ಲಿ ಏನಾಗ್ತಿದೆ, ಹೇಳಿ' ಅನ್ನಿ. ಅವರು ಹೇಳಿದ್ದು ನಿಮ್ಮ ಮಾತಿಗೆ ಹೊಂದಿದರೆ ಅಚ್ಚು ಹಾಕಿಸಿ.

ಪ್ರಶ್ನೆ: ಒಂದೇ ಮಾತು ಅಂದರೆ ಫೋಟೊದಲ್ಲಿ ಒಬ್ಬರೇ ಇರಬೇಕಾ? ನಾನು ಮದುವೆ ಫೋಟೊಗ್ರಾಫರ್, ನನಗೆ ಸಿಗುವುದೆಲ್ಲ ಗುಂಪು. (ಮಂಗಳೂರಿನ ಓದುಗರು)

ಉತ್ತರ: ಹಾಗೇನಿಲ್ಲ. ಗೆಳತಿಯ ಜೊತೆ ಹೋಗುತ್ತಿರುವ ಹುಡುಗ ಇನ್ನೊಬ್ಬಳನ್ನು ತಿರುಗಿ ನೋಡುವ ಆ ಮೀಮ್ ನೋಡಿರುತ್ತೀರಿ. ಅದು ಆಂಟೋನಿಯೊ ಗಿಯೆಮ್ ಎಂಬ ಛಾಯಾಗ್ರಾಹಕ 2015ರಲ್ಲಿ ಸ್ಪೇನಿನ ಜಿರೋನಾ ಊರಿನಲ್ಲಿ ತೆಗೆದ ಸ್ಟಾಕ್ ಫೋಟೊ. 2017ರಲ್ಲಿ ಲೋಕದ ತುಂಬ ಓಡಾಡಿತು. ಅದರಲ್ಲಿ ಮೂರು ಜನ ಇದ್ದಾರೆ. ಆದರೆ ಅವರ ನೋಟ ನೋಡಿ. ಹುಡುಗನ ಕಣ್ಣು ಕೆಂಪು ಬಟ್ಟೆಯವಳ ಕಡೆ, ಗೆಳತಿಯ ಕಣ್ಣು ಹುಡುಗನ ಮುಖದ ಮೇಲೆ, ಕೆಂಪು ಬಟ್ಟೆಯವಳಿಗೆ ಏನೂ ಗೊತ್ತಿಲ್ಲ. ಹಿಂದಿನ ಬೀದಿ ಪೂರ್ತಿ ಮಸುಕು. ಒಂದು ಅಕ್ಷರ ಇಲ್ಲದೆ ಕಥೆ ಮುಗಿಯಿತು. ಜನ ಆ ಮೂವರ ಮೇಲೆ ತಮಗೆ ಬೇಕಾದ ಹೆಸರು ಬರೆದುಕೊಂಡರು, ಎಲ್ಲವೂ ಹೊಂದಿತು.

ನಿಮ್ಮ ಮದುವೆ ಮನೆಯಲ್ಲೂ ಅದೇ ಹುಡುಕಿ. ಧಾರೆ ಎರೆಯುವಾಗ ಅಪ್ಪನ ಕಣ್ಣು ಎಲ್ಲಿದೆ, ಮಗಳ ಕಣ್ಣು ಎಲ್ಲಿದೆ? ಸುತ್ತ ಐವತ್ತು ಜನ ಇದ್ದರೂ ಆ ಎರಡು ನೋಟ ಸಿಕ್ಕಿದರೆ ಅದು ಇಬ್ಬರ ಫೋಟೊ.

ಪ್ರಶ್ನೆ: ಪತ್ರಿಕೆಗಳಲ್ಲಿ ರೈತ ಅಂದರೆ ಪೇಟ ಸುತ್ತಿ, ಬಿಳಿ ಕುರ್ತಾ ಹಾಕಿ, ಗೋಧಿ ಹೊಲದಲ್ಲಿ ನಿಂತು ನಗುವವನೇ ಯಾಕೆ? ನಾವು ಬೆಳೆಯುವುದು ಹತ್ತಿ, ತೊಗರಿ, ಭತ್ತ. ನಮ್ಮ ಹೊಲ ಯಾವತ್ತೂ ಬರುವುದಿಲ್ಲ. (ರಾಯಚೂರಿನ ರೈತರು)

ಉತ್ತರ: ನಿಮ್ಮ ದೂರು ಸರಿಯಾಗಿದೆ. ಹುಡುಕಿದರೆ ಅದೇ ಸಿಗುತ್ತದೆ, ಸಿಕ್ಕಿದ್ದನ್ನೇ ಹಾಕುತ್ತಾರೆ, ಹಾಕಿದ್ದರಿಂದ ಅಂಥದ್ದೇ ಇನ್ನಷ್ಟು ತೆಗೆಯುತ್ತಾರೆ. ಬೇಗ ಅರ್ಥವಾಗುವ ಫೋಟೊ ನಿಜ, ಆದರೆ ಅರ್ಥವಾಗುವುದು ರೈತ ಅನ್ನುವ ಒಂದು ಪದ ಮಾತ್ರ. ತೊಗರಿಗೆ ನೆಟೆ ರೋಗ ಬಂದ ಸುದ್ದಿಯ ಪಕ್ಕದಲ್ಲಿ ಗೋಧಿ ಹೊಲದ ನಗು ಹಾಕಿದರೆ ಚಿತ್ರ ಒಂದು ಹೇಳುತ್ತದೆ, ಸುದ್ದಿ ಇನ್ನೊಂದು ಹೇಳುತ್ತದೆ. ಸರಳವಾಗಿದ್ದರೂ ಅದು ಸ್ಪಷ್ಟ ಅಲ್ಲ. ಬಲ್ಬು ಅಂದರೆ ಐಡಿಯಾ, ಕೈಕುಲುಕಿದರೆ ವ್ಯಾಪಾರ, ಇವೂ ಅದೇ ಜಾತಿಯವು. ಬಳಸಿ ಬಳಸಿ ಸವೆದುಹೋಗಿ ಈಗ ಕಣ್ಣು ಅವುಗಳ ಮೇಲೆ ನಿಲ್ಲುವುದೇ ಇಲ್ಲ.

ಬದಲಾಗಬಹುದು. ಕೆಲಸ ಮಾಡುವ ಹೆಂಗಸರು ಅಂದರೆ ಕೋಟು, ಬ್ರೀಫ್‌ಕೇಸು, ಕಂಕುಳಲ್ಲಿ ಮಗು ಅನ್ನುವಂಥ ಫೋಟೊಗಳೇ ತುಂಬಿದ್ದಾಗ, 2014ರಲ್ಲಿ ಗೆಟ್ಟಿ ಇಮೇಜಸ್ ಮತ್ತು ಆಗ ಫೇಸ್‌ಬುಕ್‌ನ ಹಿರಿಯ ಅಧಿಕಾರಿಯಾಗಿದ್ದ ಶೆರಿಲ್ ಸ್ಯಾಂಡ್‌ಬರ್ಗ್ ಅವರ ಲೀನ್ ಇನ್ ಎಂಬ ಮಹಿಳಾಪರ ಸಂಸ್ಥೆ ಸೇರಿ ಬೇರೆ ಬಗೆಯ ಫೋಟೊಗಳ ಒಂದು ಸಂಗ್ರಹವನ್ನೇ ತಂದರು. ಕೇಳುವವರು ಇದ್ದರೆ ತೆಗೆಯುವವರು ಹುಟ್ಟುತ್ತಾರೆ. ನಿಮ್ಮ ಕಡೆ ಮೊಬೈಲು ಹಿಡಿದ ಹುಡುಗರು ಹತ್ತಿ ಬಿಡಿಸುವ ಕೈ, ತೊಗರಿ ರಾಶಿ, ಕಾಲುವೆಗೆ ನೀರು ಬಂದ ದಿನ ಇವುಗಳನ್ನು ಒಂದೊಂದಾಗಿ ತೆಗೆದು ಹಾಕಲಿ. ನಾವು ಪತ್ರಿಕೆಯವರು ಅವನ್ನು ಹುಡುಕಿ ಹಾಕಬೇಕು, ಅದು ನಮ್ಮ ಜವಾಬ್ದಾರಿ.

ಪ್ರಶ್ನೆ: ನಮ್ಮ ಕನ್ನಡ ಕೂಟದ ರಾಜ್ಯೋತ್ಸವದ ಆಮಂತ್ರಣಕ್ಕೆ ಎಐನಲ್ಲಿ ಚಿತ್ರ ಮಾಡಿಸಿದೆವು. ನೋಡಲು ವೈಭವವಾಗಿದೆ, ಆದರೆ ಏನೋ ಸರಿಯಿಲ್ಲ ಅನ್ನಿಸುತ್ತದೆ. ಸ್ಟಾಕ್ ಫೋಟೊ ಬದಲು ಎಐ ಬಳಸಬಹುದಾ? (ದುಬೈನ ಓದುಗರು)

ಉತ್ತರ: ಸರಿಯಿಲ್ಲದ್ದು ಏನು ಅಂತ ಹೇಳುತ್ತೇನೆ. ಬಾವುಟದಲ್ಲಿ ಕೆಂಪು ಮೇಲೆ, ಹಳದಿ ಕೆಳಗೆ ಬಂದಿದೆ. ನಮ್ಮದು ಮೇಲೆ ಹಳದಿ, ಕೆಳಗೆ ಕೆಂಪು. ಹಿಂದಿನ ಕಮಾನಿನ ಮೇಲಿರುವುದು ಕನ್ನಡದ ಹಾಗೆ ಕಾಣುವ, ಕನ್ನಡವಲ್ಲದ ಅಕ್ಷರ. ಆನೆ, ಅರಮನೆ, ದೀಪ, ಹೂಮಾಲೆ, ಜಲಪಾತ, ನೃತ್ಯ ಎಲ್ಲ ಸೇರಿ ದಿನಾಂಕ ಮತ್ತು ಸ್ಥಳ ಬರೆಯಲು ಜಾಗವೇ ಉಳಿದಿಲ್ಲ. ಎಐ ಬಿಟ್ಟರೆ ತುಂಬುತ್ತಲೇ ಹೋಗುತ್ತದೆ, ಸಾಕು ಅನ್ನುವವರು ನಾವೇ ಆಗಬೇಕು. ಹಳದಿ ಕೆಂಪು ಎರಡು ಪಟ್ಟಿ ಸಾಕು, ಅದಕ್ಕಿಂತ ಸ್ಪಷ್ಟವಾದ ಹಿನ್ನೆಲೆ ಕನ್ನಡಿಗರಿಗೆ ಇನ್ನೊಂದಿಲ್ಲ. ಅದರ ಮೇಲೆ ಕೂಟದ ಮಕ್ಕಳದ್ದೇ ಒಂದು ಫೋಟೊ ಹಾಕಿ.

ಮಾರುವ ವಿಷಯಕ್ಕೆ ಬಂದರೆ, ಅಡೋಬಿ ಸ್ಟಾಕ್ 2022ರ ಡಿಸೆಂಬರಿನಿಂದ ಎಐ ಚಿತ್ರ ತೆಗೆದುಕೊಳ್ಳುತ್ತಿದೆ, ಆದರೆ ಇದು ಎಐ ಅಂತ ಗುರುತು ಹಾಕಲೇಬೇಕು. ಗೆಟ್ಟಿ ಅದೇ ವರ್ಷ ಬೇಡ ಅಂದಿತು. ಜನರ ಆರೋಗ್ಯ, ಬೆಳೆ, ಸುದ್ದಿ ಇಂಥ ಕಡೆ ಎಐ ಚಿತ್ರ ಹಾಕಲೇಬಾರದು ಅಂತ ನನ್ನ ಗಟ್ಟಿ ಅಭಿಪ್ರಾಯ.

ಪ್ರಶ್ನೆ: ಮೊಬೈಲಿನಲ್ಲಿ ತೆಗೆದದ್ದು ನಡೆಯುತ್ತಾ? (ಗದಗದ ಓದುಗರು)

ಉತ್ತರ: ನಡೆಯುತ್ತದೆ. ಅಡೋಬಿ ಸ್ಟಾಕ್ ಕೇಳುವುದು ಕನಿಷ್ಠ 4 ಮೆಗಾಪಿಕ್ಸೆಲ್, ಈಗಿನ ಮೊಬೈಲುಗಳಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಇದೆ. ಬೆರಳಲ್ಲಿ ಎಳೆದು ಜೂಮ್ ಮಾಡಬೇಡಿ, ಹತ್ತಿರ ಹೋಗಿ. ಹಿನ್ನೆಲೆ ಮಸುಕಾಗಲಿ ಅಂತ ಪೋರ್ಟ್ರೇಟ್ ಮೋಡ್ ಹಾಕಿದರೆ ಕೂದಲು, ಬಳೆ, ಜರಿ ಅಂಚು ಎಲ್ಲ ಒಡೆದ ಹಾಗೆ ಬರುತ್ತದೆ. ಅದರ ಬದಲು ಹಿನ್ನೆಲೆಯೇ ಖಾಲಿ ಇರುವ ಜಾಗ ನೋಡಿ ನಿಲ್ಲಿ.

ಪ್ರಶ್ನೆ: ಫೋಟೊ ಹಾಕುವಾಗ ಕೀವರ್ಡ್ ಎಷ್ಟು ಕೊಡಬೇಕು? ಜಾಸ್ತಿ ಕೊಟ್ಟಷ್ಟೂ ಒಳ್ಳೆಯದು ಅನ್ನುತ್ತಾರೆ. (ಚಿಕ್ಕಮಗಳೂರಿನ ಓದುಗರು)

ಉತ್ತರ: ಕೀವರ್ಡ್ ಅಂದರೆ ಹುಡುಕುವವರಿಗೆ ಫೋಟೊ ಸಿಗಲಿ ಅಂತ ಅದರ ಜೊತೆ ಬರೆಯುವ ಪದ. ಅಡೋಬಿ ಸ್ಟಾಕ್‌ನಲ್ಲಿ 49ರ ತನಕ ಕೊಡಬಹುದು, ಆದರೆ ಮೊದಲ 10ಕ್ಕೆ ಮಹತ್ವ ಜಾಸ್ತಿ. ಸುಮ್ನೆ ತುಂಬಬೇಡಿ. ಕಾಫಿ ಹಣ್ಣು ಕೊಯ್ಯುವ ಫೋಟೊಗೆ ಸಂತೋಷ, ಪ್ರಕೃತಿ, ಏಷ್ಯಾ, ವ್ಯಾಪಾರ ಅಂತೆಲ್ಲ ಬರೆದರೆ ಬೇರೇನೋ ಹುಡುಕುವವರ ಮುಂದೆ ನಿಮ್ಮ ಫೋಟೊ ಬರುತ್ತದೆ, ಅವರು ಮುಟ್ಟುವುದಿಲ್ಲ. ಮೊದಲು ಫೋಟೊಗೆ ಒಂದು ವಾಕ್ಯದ ಹೆಸರು ಬರೆಯಿರಿ: ಯಾರು, ಏನು ಮಾಡುತ್ತಿದ್ದಾರೆ, ಎಲ್ಲಿ. ಆ ವಾಕ್ಯದ ಪದಗಳೇ ಮೊದಲ ಕೀವರ್ಡುಗಳು. ಆಮೇಲೆ ಹಣ್ಣಿನ ಬಣ್ಣ, ಕೈ, ಬುಟ್ಟಿ, ಜಾಗ ಖಾಲಿ ಇದ್ದರೆ ಕಾಪಿ ಸ್ಪೇಸ್. ಆ ಒಂದು ವಾಕ್ಯ ಬರೆಯಲು 'ಮತ್ತು', 'ಜೊತೆಗೆ', 'ಹಾಗೂ' ಅಂತ ಮೂರು ನಾಲ್ಕು ಸಲ ಸೇರಿಸಬೇಕಾಗಿ ಬಂದರೆ ಕೀವರ್ಡ್ ಬಿಟ್ಟು ಕ್ಯಾಮೆರಾ ತಗೊಂಡು ಮತ್ತೆ ತೋಟಕ್ಕೆ ಹೋಗಿ. ಕೊಯ್ಲು ಇನ್ನೂ ಕೆಲವು ವಾರ ಇರುತ್ತದಲ್ಲ.